ಸುರಪುರದ ಟೇಲರ್ ಸಾಹೇಬರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಶಾಲೆಯ ಸ್ಥಾಪಕರನ್ನೋ ಕನ್ನಡದ ಹಿರಿಯ ಕವಿಗಳಲ್ಲಿ ಒಬ್ಬರನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಕಾರ್ಯಕ್ಕೆ ನನಗಿಂತ ಸಮರ್ಥರಾದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡಿರುವುದು ಒಬ್ಬ ಆಂಗ್ಲರ ಜೀವನವನ್ನು. ಕನ್ನಡ ಶಾಲೆಯ ಸಂಚಿಕೆಯಲ್ಲಿ ಆಂಗ್ಲರಿಗೇನು ಸ್ಥಾನವೆಂದು ಹುಬ್ಬೇರಿಸುವ ಹಿರಿಯರು ದಯವಿಟ್ಟು ಕೊನೆಯವರೆಗೂ ಓದಬೇಕೆಂದು ಪ್ರಾರ್ಥನೆ.

ಈ ಶಾಲೆಯಲ್ಲಿ ಇತಿಹಾಸವನ್ನು ಬೋಧಿಸಿದ ವರ್ಷಗಳಲ್ಲಿ ಒಂದು ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಬ್ರಿಟಿಷರ ಆಳ್ವಿಕೆಯ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿ ಕಲಕತ್ತೆ, ಮದರಾಸು, ಮುಂಬಯಿಗಳ ಮಾತೇ ಮಾತು. ನಮ್ಮ ಊರಿಗೆ ಆ ಬಿಳಿಯರು ಬರಲೇ ಇಲ್ಲವೇ ಗುರುಗಳೇ ಎಂದು ನಾರಾಯಣಪೇಟೆಯ ನೇಕಾರರ ಮಕ್ಕಳೂ ಮಕ್ತಲದ ಒಕ್ಕಲು ಮಕ್ಕಳೂ ಕೇಳುತ್ತಿದ್ದರು. ಪ್ರಶ್ನೆ ಯುಕ್ತವಾದುದೇ. ನಮ್ಮದು ನಿಜಾಮರ ರಾಜ್ಯ. ಇಲ್ಲಿಯ ಕಚೇರಿಯ ಭಾಷೆ ಮೊದಲು ಪಾರಸಿ, ಬಳಿಕ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದಲ್ಲಿಯೇ ಆರಂಭವಾಯಿತು. ಮೈಸೂರು, ಧಾರವಾಡಗಳ ಕನ್ನಡಿಗರಿಗೆ ಇಂಗ್ಲಿಷ್ ಎಂಬುದು ಪಾಠಶಾಲೆಯ ಬಾಗಿಲಿನಿಂದ ಬಂದರೆ, ನಮ್ಮ ಹಿರಿಯರಿಗೆ ಅದು ಉರ್ದುವಿನ ಮರೆಯಲ್ಲಿ, ತಡವಾಗಿ ಬಂದಿತು. ಆದರೆ ಆಂಗ್ಲರ ರೀತಿನೀತಿಗಳು ಅದಕ್ಕೂ ಬಹಳ ಮೊದಲೇ ನಮ್ಮ ನೆರೆಗೆ ಬಂದು ನೆಲೆಸಿದ್ದವು. ಯಾದಗಿರಿಯ ಬಳಿ ಭೀಮೆಯನ್ನು ದಾಟಿ ಪಶ್ಚಿಮಕ್ಕೆ ನಡೆದರೆ ಸಿಗುವ ಸುರಪುರದ ಗುಡ್ಡದ ಮೇಲೆ ಒಬ್ಬ ಆಂಗ್ಲ ಅಧಿಕಾರಿ ಹತ್ತು ವರ್ಷಗಳಿಗೂ ಮಿಕ್ಕಿ ವಾಸವಾಗಿದ್ದರು. ಅವರೇ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಅವರು ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವರ್ತಕರು; ವ್ಯಾಪಾರ ಕೈಕೊಟ್ಟಿತು. ಎಳೆಯ ವಯಸ್ಸಿನಲ್ಲಿಯೇ ಹುಡುಗನು ಒಂದು ವ್ಯಾಪಾರದ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿಯಬೇಕಾಯಿತು. ಮುಂಬಯಿಯ ಒಬ್ಬ ವರ್ತಕರು ತಮ್ಮಲ್ಲಿ ಕೆಲಸವನ್ನೂ ಮುಂದೆ ಪಾಲುದಾರಿಕೆಯನ್ನೂ ಕೊಡುವುದಾಗಿ ಮಾತು ಕೊಟ್ಟಿದ್ದರಿಂದ, 1824ರಲ್ಲಿ, ಹದಿನೈದು ವರ್ಷದ ಬಾಲಕನನ್ನು ಹಡಗು ಹತ್ತಿಸಲಾಯಿತು. ಇಲ್ಲಿಗೆ ಬಂದು ನೋಡಿದರೆ ಆ ವ್ಯಾಪಾರವೂ ಸಾಲದಲ್ಲಿ ಮುಳುಗಿತ್ತು. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರ ನೆರವಿನಿಂದ ಅದೇ ವರ್ಷ ನಿಜಾಮರ ಸೈನ್ಯದಲ್ಲಿ ಒಂದು ಅಧಿಕಾರಿಯ ಸ್ಥಾನ ದೊರೆಯಿತು. ಇಂದಿನ ನಮ್ಮ ಮಕ್ಕಳ ಲೆಕ್ಕದಲ್ಲಿ ಹೇಳುವುದಾದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ವಯಸ್ಸು ಅದು.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. ಟೇಲರ್ ಅವರು ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಸೇವೆಗಲ್ಲ. ಆಂಗ್ಲ ಅಧಿಕಾರಿಗಳ ಕೈಕೆಳಗಿದ್ದರೂ ನಿಜಾಮರ ಖಜಾನೆಯಿಂದ ಸಂಬಳ ಪಡೆಯುವ ಸೇವೆಗೆ. ಕಂಪನಿಯ ಅಧಿಕಾರಿಗಳಿಗಿದ್ದ ಬಡ್ತಿ, ಮರ್ಯಾದೆಗಳು ಈ ಸೇವೆಯವರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಆಂಗ್ಲರಲ್ಲಿಯೂ ಪಂಕ್ತಿಭೇದವಿತ್ತು, ಟೇಲರ್ ಅವರದು ಹೊರಗಿನ ಪಂಕ್ತಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈ ತರುಣರು ಹಿಂದೂಸ್ತಾನಿ, ಪಾರಸಿ, ಮರಾಠಿಗಳನ್ನು ಕಲಿತರು. ಕಾನೂನು, ಮೋಜಣಿ, ಕಟ್ಟಡ ವಿದ್ಯೆ, ಚಿತ್ರಕಲೆಗಳನ್ನು ಬಹುಮಟ್ಟಿಗೆ ತಾವಾಗಿಯೇ ರೂಢಿಸಿಕೊಂಡರು. ಗುಮಾಸ್ತಿಕೆಯಲ್ಲಿ ಕಲಿತ ಲೆಕ್ಕದ ಶಿಸ್ತೊಂದು ಮಾತ್ರ ತವರಿನಿಂದ ತಂದ ಆಸ್ತಿ.

1832ರಲ್ಲಿ ಅವರು ಹೈದರಾಬಾದಿನ ಪಾಮರ್ ಮನೆತನದ ಮೇರಿಯನ್ನು ಮದುವೆಯಾದರು. ಒಂದು ಕಾಲದಲ್ಲಿ ನಿಜಾಮರಿಗೇ ಸಾಲ ಕೊಟ್ಟ ಸಾಹುಕಾರ ವಿಲಿಯಂ ಪಾಮರ್ ಆಕೆಯ ತಂದೆ. ಆ ವಿಲಿಯಂ ಪಾಮರರ ತಂದೆ ಆಂಗ್ಲ ಸೇನಾಧಿಕಾರಿ. ತಾಯಿ ಫೈಜ್ ಬಕ್ಷ್ ಬೇಗಮ್ ಎಂಬ ಮುಸಲ್ಮಾನ ಕುಲೀನ ಸ್ತ್ರೀ. ಅಂದರೆ ಟೇಲರ್ ಅವರ ಪತ್ನಿಯ ಅಜ್ಜಿ ಈ ನೆಲದವಳು. ಹದಿನೆಂಟನೆಯ ಶತಮಾನದ ಆಂಗ್ಲರು ಹೀಗೆ ಇಲ್ಲಿಯ ಮನೆಗಳೊಡನೆ ಬೆರೆತುಹೋಗಿದ್ದರು. ಮುಂದಿನ ತಲೆಮಾರಿನವರಿಗೆ ಅಂಥ ಬೆರಕೆ ಅಗೌರವವಾಗಿ ಕಾಣತೊಡಗಿತು. ಆ ಎರಡು ಕಾಲಗಳ ಸಂಧಿಯಲ್ಲಿ ನಿಂತವರು ಟೇಲರ್. ಅವರನ್ನು ಅರ್ಥ ಮಾಡಿಕೊಳ್ಳಲು ಈ ಸಂಗತಿ ಬಹಳ ಮುಖ್ಯವೆಂದು ನನ್ನ ಭಾವನೆ.

ಸೈನ್ಯದ ಜೊತೆಗೆ ಪೊಲೀಸ್ ಕೆಲಸವೂ ಅವರ ಪಾಲಿಗೆ ಬಂದಿತ್ತು. ದಾರಿಹೋಕರೊಡನೆ ಗೆಳೆತನ ಬೆಳೆಸಿ, ಕರವಸ್ತ್ರದಿಂದ ಕತ್ತು ಬಿಗಿದು ಕೊಂದು ಹೂಳುತ್ತಿದ್ದ ಠಗ್ಗರ ವಿಚಾರಣೆಯಲ್ಲಿ ಅವರು ಭಾಗಿಗಳಾದರು. ಹಿಡಿದ ಠಗ್ಗರು ಹೇಳಿದ ಕಥೆಗಳನ್ನು ಕಿವಿಯಾರೆ ಕೇಳಿದರು. ಜ್ವರದಿಂದ ಕಂಗೆಟ್ಟು 1838ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಆ ಅನುಭವವನ್ನು ಕಾದಂಬರಿಯ ರೂಪಕ್ಕಿಳಿಸಿದರು. ಅಮೀರ್ ಅಲಿ ಎಂಬ ಠಗ್ಗನೊಬ್ಬನು ತನ್ನ ಕಥೆಯನ್ನು ತಾನೇ ಹೇಳುವ ಕನ್ಫೆಷನ್ಸ್ ಆಫ್ ಎ ಥಗ್ 1839ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದು ಅಪಾರ ಜನಪ್ರಿಯತೆ ಗಳಿಸಿತು. ವಿಕ್ಟೋರಿಯಾ ರಾಣಿಯೂ ಅದರ ಓದುಗರಲ್ಲಿ ಒಬ್ಬರು. ಮರುವರ್ಷ ಟಿಪ್ಪು ಸುಲ್ತಾನರ ಕಾಲವನ್ನು ಕುರಿತ ಕಾದಂಬರಿ ಬಂದಿತು. ಆಂಗ್ಲ ಸಂಸ್ಕೃತಿಯು ನಮ್ಮ ಮೇಲೆ ಮಾಡಿದ ಪ್ರಭಾವವನ್ನು ನಾವು ಸದಾ ಹೇಳಿಕೊಳ್ಳುತ್ತೇವೆ. ನಮ್ಮ ಮಾತು ಅವರ ಮೇಲೆ ಮಾಡಿದ್ದನ್ನು ಹೇಳುವುದು ಕಡಿಮೆ. ಠಗ್ ಎಂಬ ನಮ್ಮ ಬೀದಿಯ ಶಬ್ದವು ಇಂಗ್ಲಿಷ್ ಓದುಗರ ಮನೆಮಾತಾದುದರಲ್ಲಿ ಈ ಕಾದಂಬರಿಯ ಪಾಲು ದೊಡ್ಡದು. ಒಳ್ಳೆಯ ಶಬ್ದವೊಂದು ಹೋಗಬಾರದಿತ್ತೇ ಎಂದು ತರಗತಿಯಲ್ಲಿ ಒಮ್ಮೆ ಒಬ್ಬ ಹುಡುಗಿ ಕೇಳಿದ್ದು ನೆನಪಾಗಿ ಈಗಲೂ ನಗು ಬರುತ್ತದೆ.

ಭಾರತಕ್ಕೆ ಮರಳಿದ ಟೇಲರ್ ಅವರನ್ನು ಹೈದರಾಬಾದಿನ ರೆಸಿಡೆಂಟರಾದ ಜನರಲ್ ಫ್ರೇಸರ್ ಅವರು 1841ರಲ್ಲಿ ಸುರಪುರಕ್ಕೆ ಕಳುಹಿಸಿದರು. ಸುರಪುರದ ವೃತ್ತಾಂತ ನಮ್ಮ ಓದುಗರಿಗೆ ಹೊಸದೇನೂ ಅಲ್ಲ. ಔರಂಗಜೇಬನ ಸೈನ್ಯವನ್ನು ವಾಗಿಣಗೇರಿಯಲ್ಲಿ ಎದುರಿಸಿದ ಬೇಡ ನಾಯಕರ ಮನೆತನವದು. ಟೇಲರ್ ಅವರು ಬರುವ ವೇಳೆಗೆ ಸಂಸ್ಥಾನವು ನಿಜಾಮರಿಗೆ ಸಲ್ಲಿಸಬೇಕಾದ ಕಪ್ಪಕಾಣಿಕೆಗಳ ಬಾಕಿಯಲ್ಲಿಯೂ ಸಾಹುಕಾರರ ಸಾಲದಲ್ಲಿಯೂ ಕುಸಿದಿತ್ತು. ರಾಜಾ ಕೃಷ್ಣಪ್ಪನಾಯಕರು ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪನಾಯಕ ಎಳೆಯ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡನಾಯಕರು ಇನ್ನೊಂದು ಕಡೆ. ನಡುವೆ ಆಯುಧ ಹಿಡಿದ ಬೇಡ ಪಡೆ. ಮೊದಲು ಪಿಡ್ಡನಾಯಕರ ಮುಖಾಂತರ ಆಡಳಿತ ನಡೆಯಿತು. ಜಗಳ ಬಗೆಹರಿಯದೆ ಕೊನೆಗೆ ಟೇಲರ್ ಅವರೇ ಸಂಸ್ಥಾನದ ಆಡಳಿತವನ್ನು ಕೈಗೆತ್ತಿಕೊಂಡರು. ಬಾಲರಾಜನ ಪಾಲನೆ, ಶಿಕ್ಷಣಗಳ ಹೊಣೆಯೂ ಅವರದಾಯಿತು. ಈ ಇಡೀ ಅವಧಿಯಲ್ಲಿ ಅವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಾತ್ಮೀದಾರರಾಗಿಯೂ ಬರೆಯುತ್ತಿದ್ದರು.

ಅವರು ಮಾಡಿದ್ದೇನು? ಮೊದಲನೆಯದಾಗಿ ಲೆಕ್ಕ. ಯಾವ ಊರಿನಿಂದ ಎಷ್ಟು ವಸೂಲಾಗಬೇಕು, ಎಷ್ಟು ಬಂದಿದೆ, ಎಲ್ಲಿ ಸೋರಿದೆ ಎಂಬುದು ಕಾಗದದ ಮೇಲೆ ಬಂದಿತು. ಮೋಜಣಿ ನಡೆಯಿತು, ರಸ್ತೆಗಳಾದವು. ರೈತನಿಗೆ ತಾನು ಕೊಡಬೇಕಾದ ಮೊತ್ತ ಮೊದಲೇ ಗೊತ್ತಿರುವುದು ಇಂದು ನಮಗೆ ಸಾಮಾನ್ಯ ಸಂಗತಿ. ಅಂದು ಅದು ದೊಡ್ಡ ಬದಲಾವಣೆ. ಎರಡನೆಯದು ನೀರು. ಬೋನಾಳದ ಕೆರೆಯು ಸುರಪುರದ ಅರಸ ಪಾಮನಾಯಕರು ಕಟ್ಟಿಸಿದ್ದು. ಟೇಲರ್ ಅವರು ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಎಂಜಿನಿಯರ್ ಆಗಿ ತರಬೇತಿ ಪಡೆಯದ ವ್ಯಕ್ತಿ ಪುಸ್ತಕ ಓದಿ, ಸ್ಥಳೀಯ ಒಡ್ಡರ ಅನುಭವವನ್ನು ಬಳಸಿಕೊಂಡು ಏರಿಗಳನ್ನು ನಿಲ್ಲಿಸಿದರು. ಆಂಗ್ಲರ ಕೊಡುಗೆ ಎಂದಾಗ ನಾವು ಎಲ್ಲವೂ ಹೊರಗಿನಿಂದ ಬಂದಂತೆ ಭಾವಿಸುತ್ತೇವೆ. ಬೋನಾಳದ ಏರಿಯ ಕೆಳಗಿನ ಅಡಿಪಾಯ ನಾಯಕರದು, ಮೇಲಿನ ದುರಸ್ತಿ ಸಾಹೇಬರದು, ಮಣ್ಣು ಹೊತ್ತ ಬೆನ್ನುಗಳು ನಮ್ಮವರವು.

ಗುಡ್ಡದ ಮೇಲೆ ಅವರು ಕಟ್ಟಿಸಿಕೊಂಡ ಬಂಗಲೆಗೆ ಟೇಲರ್ ಮಂಜಿಲ್ ಎಂದು ಹೆಸರು. ಆ ಹೆಸರಿನಲ್ಲಿಯೇ ನಮ್ಮ ಸೀಮೆಯ ಸ್ವಭಾವವಿದೆ: ಮನೆಯವರು ಆಂಗ್ಲರು, ಮನೆ ಎಂಬ ಮಾತು ಉರ್ದು, ಅದನ್ನು ಹೇಳುವ ನಾಲಿಗೆ ಕನ್ನಡ. ಜನ ಅವರ ಮೆಡೋಸ್ ಎಂಬ ಹೆಸರನ್ನು ಮಹಾದೇವ ಎಂದು ತಿರುಗಿಸಿ ಮಹಾದೇವ ಬಾಬಾ ಎಂದು ಕರೆದರು. ಆ ಬಂಗಲೆಯಲ್ಲಿ ಅವರು ಬಹುಕಾಲ ಒಂಟಿ. ಪತ್ನಿ ಮೇರಿ 1844ರಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದರು. ಮಕ್ಕಳಿಂದ ದೂರವಿದ್ದ ತಂದೆಗೂ ತಂದೆಯಿಲ್ಲದ ಬಾಲರಾಜನಿಗೂ ನಡುವೆ ಬೆಳೆದ ಬಾಂಧವ್ಯ ಆಶ್ಚರ್ಯದ್ದೇನಲ್ಲ. ಹುಡುಗನು ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಆ ದಿನಗಳ ಒಂದು ಪ್ರಸಂಗವನ್ನು ಟೇಲರ್ ಅವರು ತಮ್ಮ ಆತ್ಮಚರಿತ್ರೆಯಲ್ಲಿ ನಮೂದಿಸಿದ್ದಾರೆ. ರಾಣಿ ಈಶ್ವರಮ್ಮನವರು ಮಗನ ಜಾತಕವನ್ನು ಅವರ ಮುಂದಿಟ್ಟು ಒಂದು ಗುಟ್ಟನ್ನು ಹೇಳಿದರು. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅವನಿಗೆ ಮೃತ್ಯುಯೋಗವಿದೆಯೆಂದು ಆಸ್ಥಾನದ ಶಾಸ್ತ್ರಿಗಳು ಬರೆದಿದ್ದರು. ಜಾತಕದಲ್ಲಿ ನಂಬಿಕೆಯಿಲ್ಲದ ಟೇಲರ್ ರಾಣಿಗೆ ಧೈರ್ಯ ಹೇಳಿದರೇ ಹೊರತು ನಗಲಿಲ್ಲ. ಮುಂದೆ ನಡೆದುದನ್ನೂ ಮುಚ್ಚಿಡದೆ ಬರೆದರು. ಜಾತಕವನ್ನು ನಂಬಬೇಕೆಂದು ನಾನು ಇದನ್ನು ಹೇಳುತ್ತಿಲ್ಲ. ತನಗೆ ಒಪ್ಪಿಗೆಯಾಗದ ಸಂಗತಿಯನ್ನು ಸಹ ಕಂಡಂತೆ ಬರೆದಿಡುವ ಆ ಅಭ್ಯಾಸ ನನ್ನ ಮನಸ್ಸಿಗೆ ಹಿಡಿಸುತ್ತದೆ.

ಅದೇ ಅಭ್ಯಾಸದಿಂದ ನಮ್ಮ ನಾಡಿಗೆ ದೊರೆತ ಇನ್ನೊಂದು ಫಲವನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಸುರಪುರ ಸೀಮೆಯಲ್ಲಿ ಸಂಚರಿಸುವಾಗ ಬಯಲುಗಳಲ್ಲಿ ನಿಂತ ಕಲ್ಲುಗಳೂ ಕಲ್ಲಿನ ವೃತ್ತಗಳೂ ಚಪ್ಪಡಿ ಹೊದಿಸಿದ ಗೂಡುಗಳೂ ಟೇಲರ್ ಅವರ ಕಣ್ಣಿಗೆ ಬಿದ್ದವು. ರಾಜನಕೋಳೂರಿನ ಕಲ್ಲುಮನೆಗಳನ್ನು ಜನ ಮೋರೇರ ಮನೆಗಳೆಂದು ಕರೆಯುತ್ತಿದ್ದರು. ಹಳೆಯ ಕಾಲದ ಗಿಡ್ಡ ಜನರ ವಸತಿಗಳೆಂದು ನಂಬಿಕೆ. ಇವು ತಮ್ಮ ದೇಶದ ಬಯಲುಗಳಲ್ಲಿರುವ ಪುರಾತನ ಕಲ್ಲುಗಳನ್ನೇ ಹೋಲುತ್ತವೆಯಲ್ಲ ಎಂಬ ಬೆರಗು ಟೇಲರ್ ಅವರಿಗೆ ಹುಟ್ಟಿತು. 1850ರ ಆಸುಪಾಸಿನಲ್ಲಿ ಜೇವರ್ಗಿಯ ಬಳಿ ಅವರು ಗೋರಿಗಳನ್ನು ಅಗೆಸಿದರು. ನಿಧಿಗಾಗಿ ಅಗೆಯುವವರಂತೆ ಗುಂಡಿ ತೋಡದೆ, ಮಣ್ಣಿನ ಪದರಗಳು ಹೇಗಿವೆ, ಯಾವ ಆಳದಲ್ಲಿ ಎಲುಬು, ಎಲ್ಲಿ ಮಡಕೆ, ಎಲ್ಲಿ ಕಬ್ಬಿಣ ಎಂಬುದನ್ನು ಸೀಳುನಕ್ಷೆಯಾಗಿ ಬರೆದರು. ಒಂದು ಶತಮಾನದ ಬಳಿಕ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರು ಆ ನಕ್ಷೆಗಳನ್ನು ಬಹುವಾಗಿ ಮೆಚ್ಚಿಕೊಂಡರು. ಅದೇ ಸೀಮೆಯ ಹುಣಸಗಿ ಕಣಿವೆಯಲ್ಲಿ ಮುಂದೆ ಕೆ. ಪದ್ದಯ್ಯ ಅವರು ಹಳೆಯ ಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದುದು ವಿದ್ವಾಂಸರಿಗೆಲ್ಲ ತಿಳಿದಿದೆ.

ಇದನ್ನು ಓದುವಾಗ ನಮ್ಮ ಕೃಷ್ಣಾ ಮಂಡಲದ ಮುಡುಮಾಲದ ನಿಲುವುಗಲ್ಲುಗಳು ನೆನಪಾಗದಿರುವುದಿಲ್ಲ. ಚಿಕ್ಕಂದಿನಲ್ಲಿ ನಾವು ಆ ಕಲ್ಲುಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದವರೇ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆ. ಪಿ. ರಾವ್ ಅವರ ಅಧ್ಯಯನದಿಂದ ಅವುಗಳ ಮಹತ್ವ ಹೊರಜಗತ್ತಿಗೆ ತಿಳಿಯಿತು. ಸಪ್ತರ್ಷಿ ಮಂಡಲವನ್ನು ಕೊರೆದ ಬಂಡೆಯೊಂದು ಅಲ್ಲಿದೆ. 2025ರಲ್ಲಿ ಮುಡುಮಾಲವು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕಲ್ಲನ್ನು ಅಳೆದು ಬರೆದಿಡಬೇಕೆಂಬ ಬುದ್ಧಿಯನ್ನು ಈ ಸೀಮೆಯಲ್ಲಿ ಮೊದಲು ತೋರಿಸಿದವರಲ್ಲಿ ಟೇಲರ್ ಒಬ್ಬರು. ಆ ಕಲ್ಲುಗಳನ್ನು ತಿಮ್ಮಪ್ಪನೆಂದು, ಎಲ್ಲಮ್ಮನೆಂದು ಪೂಜಿಸಿ ಅಷ್ಟು ಶತಮಾನಗಳ ಕಾಲ ಕೀಳದೆ ಉಳಿಸಿದವರು ಹಳ್ಳಿಯವರು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಇಂದು ಪಟ್ಟಿಗೆ ಸೇರಿಸಲು ಏನೂ ಇರುತ್ತಿರಲಿಲ್ಲ.

1853ರಲ್ಲಿ ವೆಂಕಟಪ್ಪನಾಯಕರು ಪ್ರಾಪ್ತ ವಯಸ್ಕರಾದರು. ಟೇಲರ್ ಅವರು ಸಾಲ ತೀರಿದ, ಲೆಕ್ಕ ಸರಿಯಾದ ಸಂಸ್ಥಾನವನ್ನು ಅವರ ಕೈಗೊಪ್ಪಿಸಿ ಸುರಪುರದಿಂದ ಹೊರಟರು. ಅದೇ ವರ್ಷದ ಒಪ್ಪಂದದಂತೆ, ಸೈನ್ಯದ ವೆಚ್ಚದ ಬಾಕಿಗಾಗಿ, ವರ್ಹಾಡ, ನಳದುರ್ಗ ಮತ್ತು ರಾಯಚೂರು ದೋಆಬ್‌ಗಳು ನಿಜಾಮರಿಂದ ಕಂಪನಿಯ ಆಡಳಿತಕ್ಕೆ ಹೋದವು. ಕೃಷ್ಣೆ, ತುಂಗಭದ್ರೆಗಳ ನಡುವಿನ ದೋಆಬ್ ಎಂದರೆ ನಮ್ಮ ಗದ್ವಾಲದ ಸೀಮೆಯೇ. ಪಂಡಿತರನ್ನು ಪೋಷಿಸಿ ವಿದ್ವದ್ ಗದ್ವಾಲವೆಂದು ಹೆಸರಾದ ಸಂಸ್ಥಾನದ ಸುತ್ತಮುತ್ತ ಏಳು ವರ್ಷ ಆಂಗ್ಲರ ಕಂದಾಯದ ಕಾಗದಗಳು ಓಡಾಡಿದವು. ಟೇಲರ್ ಅವರಿಗೆ ನಳದುರ್ಗದ ಜಿಲ್ಲೆ ಬಂದಿತು. ಅಲ್ಲಿಯೂ ಸ್ಥಳೀಯರನ್ನೇ ಮೋಜಣಿಗೆ ತರಬೇತುಗೊಳಿಸಿದರು. ರಸ್ತೆ, ಕೆರೆಗಳ ಕೆಲಸ ನಡೆಸಿದರು. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಅವರನ್ನು ವರ್ಹಾಡದ ಬುಲ್ಡಾಣಕ್ಕೆ ಕಳುಹಿಸಲಾಯಿತು. ಕೈಯಲ್ಲಿ ಸೈನ್ಯವಿಲ್ಲದೆ, ಜನರ ವಿಶ್ವಾಸವೊಂದನ್ನೇ ಬಲವಾಗಿಟ್ಟುಕೊಂಡು ಜಿಲ್ಲೆಯನ್ನು ಶಾಂತವಾಗಿಟ್ಟರು.

ಆದರೆ ಸುರಪುರ ಶಾಂತವಾಗಿರಲಿಲ್ಲ. ಅಧಿಕಾರ ಕೈಗೆ ಬಂದಾಗ ವೆಂಕಟಪ್ಪನಾಯಕರಿಗೆ ಇಪ್ಪತ್ತೂ ತುಂಬಿರಲಿಲ್ಲ. ಖಜಾನೆ ಮತ್ತೆ ಬರಿದಾಯಿತು. ಉತ್ತರದ ಸುದ್ದಿಗಳು ಬಂದವು. ದಂಗೆಯ ದೂತರು ಬಂದರು. ಆಂಗ್ಲರ ಗೂಢಚಾರರೂ ಬಂದರು. 1858ರ ಫೆಬ್ರುವರಿಯಲ್ಲಿ ಸುರಪುರದ ಬಳಿ ಬೀಡುಬಿಟ್ಟಿದ್ದ ಆಂಗ್ಲ ಪಡೆಯ ಮೇಲೆ ಬೇಡರು ರಾತ್ರಿ ದಾಳಿ ಮಾಡಿದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದರು. ಇನ್ನಷ್ಟು ಸೈನ್ಯ ಬರುತ್ತಿರುವುದನ್ನು ತಿಳಿದ ರಾಜರು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದರು. ಅಲ್ಲಿ ಸೆರೆಯಾಗಿ, ದಿವಾನ ಸಾಲಾರ್‌ಜಂಗರಿಂದ ಆಂಗ್ಲರ ವಶಕ್ಕೆ ಬಂದರು.

ಸಿಕಂದರಾಬಾದಿನ ಸೆರೆಮನೆಯಲ್ಲಿ ತಂದೆಮಗನಂತಿದ್ದ ಆ ಇಬ್ಬರೂ ಮತ್ತೆ ಎದುರಾದರು. ರಾಜರು ಟೇಲರ್ ಅವರನ್ನು ತಬ್ಬಿಕೊಂಡು ಅತ್ತರೆಂದು ಆತ್ಮಚರಿತ್ರೆ ಹೇಳುತ್ತದೆ. ಪ್ರೇರಣೆ ಕೊಟ್ಟವರ ಹೆಸರುಗಳನ್ನು ಹೇಳಿ ಜೀವವುಳಿಸಿಕೊಳ್ಳಲು ಅವರು ಒಪ್ಪಲಿಲ್ಲ. ಕಳ್ಳನಂತೆ ಗಲ್ಲಿಗೇರುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂಬುದು ಅವರ ಒಂದೇ ಕೋರಿಕೆಯಾಗಿತ್ತು. ವಿಚಾರಣೆಯಲ್ಲಿ ಮರಣದಂಡನೆಯಾಯಿತು, ಅದು ಗಡೀಪಾರಿಗೂ, ಕೊನೆಗೆ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೂ ಇಳಿಯಿತು. ಒಳ್ಳೆಯ ನಡತೆ ತೋರಿದರೆ ಸಂಸ್ಥಾನ ಮರಳಿ ಸಿಗಬಹುದೆಂಬ ಆಸೆಯೂ ಇತ್ತು. ಆದರೆ ದಾರಿಯ ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜರು ಪ್ರಾಣ ಬಿಟ್ಟರು. ತಾವೇ ಹಾರಿಸಿಕೊಂಡರೆಂದು ಆಗಿನ ದಾಖಲೆ. ಸೆರೆಯಾಳಿನ ಸಾವಿಗೆ ಸೆರೆಹಿಡಿದವರೇ ಸಾಕ್ಷಿಗಳಾದಾಗ ಸಂಶಯ ಹುಟ್ಟುವುದು ಸಹಜ. ಆ ಸಂಶಯವನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಸುದ್ದಿ ತಲುಪಿದಾಗ ಟೇಲರ್ ಅವರು ಕಮಿಷನರರಾಗಿ ಮತ್ತೆ ಸುರಪುರದಲ್ಲಿಯೇ ಇದ್ದರು. ಶಾಸ್ತ್ರಿಗಳು ಬಂದು ಆ ಜಾತಕವನ್ನು ನೆನಪಿಸಿದರು. ರಾಜರಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ ನಡೆಯುತ್ತಿತ್ತು.

ಟೇಲರ್ ಒಳ್ಳೆಯವರೇ, ನಮ್ಮ ವೈರಿಯೇ ಎಂದು ಮಕ್ಕಳು ಕೇಳಿದಾಗ ನಾನು ಒಂದೇ ಮಾತಿನಲ್ಲಿ ಉತ್ತರಿಸಿದ್ದಿಲ್ಲ. ಒಳ್ಳೆಯವರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರು ರೂಢಿಸಿದ ವ್ಯವಸ್ಥೆ ಒಳ್ಳೆಯವರ ಕೈಯಲ್ಲಿದ್ದಾಗ ಮಾತ್ರ ಒಳ್ಳೆಯದಾಗಿತ್ತು. ಹನ್ನೊಂದು ವರ್ಷ ಸಂಸ್ಥಾನದ ಪ್ರತಿಯೊಂದು ತೀರ್ಮಾನವೂ ಗುಡ್ಡದ ಮೇಲಿನ ಬಂಗಲೆಯಲ್ಲಿ ಆಯಿತು. ಹುಡುಗನು ಲೆಕ್ಕದ ಫಲವನ್ನು ಕಂಡನೇ ಹೊರತು ಲೆಕ್ಕ ಹಾಕುವ ಹೊಣೆಯನ್ನು ಹೊರಲಿಲ್ಲ. ಸಾಹೇಬರು ಹೊರಟ ದಿನ ಕೀಲಿಕೈ ಅವನ ಕೈಗೆ ಬಂದಿತು, ಅನುಭವ ಬರಲಿಲ್ಲ. ಸಾಕಿದವರ ಪ್ರೀತಿ ನಿಜವಾದುದು. ಆದರೆ ಅದರ ಬೆನ್ನಿಗಿದ್ದ ಸರ್ಕಾರಕ್ಕೆ ಬೇಕಾದುದು ಕಪ್ಪ ಮತ್ತು ವಿಧೇಯತೆ. ವಿಧೇಯತೆ ತಪ್ಪಿದಾಗ ಪ್ರೀತಿ ಸೆರೆಮನೆಯ ಬಾಗಿಲವರೆಗೆ ಮಾತ್ರ ಬರಬಲ್ಲದಾಗಿತ್ತು. 1860ರ ಒಪ್ಪಂದದಲ್ಲಿ ನಳದುರ್ಗ, ದೋಆಬ್‌ಗಳು ನಿಜಾಮರಿಗೆ ಮರಳಿದವು. ದಂಗೆಯ ಕಾಲದ ನಿಷ್ಠೆಗೆ ಉಡುಗೊರೆಯಾಗಿ ಸುರಪುರವೂ ಅವರಿಗೇ ಹೋಯಿತು. ನಾಯಕರ ರಾಜ್ಯ ಅಲ್ಲಿಗೆ ಮುಗಿಯಿತು.

ಅದೇ ವರ್ಷ ಅನಾರೋಗ್ಯದಿಂದ ಟೇಲರ್ ಅವರು ಭಾರತವನ್ನು ಬಿಟ್ಟು, ಡಬ್ಲಿನ್ನಿನ ಬಳಿ ನೆಲೆಸಿದರು. ಅಲ್ಲಿ ಕುಳಿತು ಬರೆದುದೆಲ್ಲ ನಮ್ಮ ನಾಡಿನ ಕಥೆ. 1863ರ ತಾರಾ ಎಂಬ ಕಾದಂಬರಿಯಲ್ಲಿ 1657ರ ಮರಾಠರ ಉದಯ, 1865ರ ರಾಲ್ಫ್ ಡಾರ್ನೆಲ್‌ನಲ್ಲಿ 1757ರ ಪ್ಲಾಸಿ, 1872ರ ಸೀತಾದಲ್ಲಿ 1857ರ ದಂಗೆ. ನೂರು ನೂರು ವರ್ಷಗಳ ಅಂತರದ ಮೂರು ಕೊಂಡಿಗಳಿವು. ಸೀತಾದಲ್ಲಿ ಆಂಗ್ಲ ಅಧಿಕಾರಿಯೊಬ್ಬನು ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ದಂಗೆಯ ಬಳಿಕ ದ್ವೇಷ ಕುದಿಯುತ್ತಿದ್ದ ಕಾಲದಲ್ಲಿ ಆಂಗ್ಲ ಓದುಗರ ಮುಂದೆ ಅಂಥ ಕಥೆಯನ್ನಿಡಲು ಧೈರ್ಯ ಬೇಕು. ಪಾಮರ್ ಮನೆಯ ಅಳಿಯನಿಗೆ ಆ ಧೈರ್ಯವಿತ್ತು. ಚಾಂದಬೀಬಿಯನ್ನು ಕುರಿತ ಕೊನೆಯ ಕಾದಂಬರಿಯಲ್ಲಿ ಕೃಷ್ಣೆಯ ದಡದ ಬೇಡರು ಪಾತ್ರಗಳಾಗಿ ಬರುತ್ತಾರೆ. ವಿದ್ಯಾರ್ಥಿಗಳಿಗಾಗಿ 1870ರಲ್ಲಿ ಭಾರತದ ಇತಿಹಾಸವನ್ನೂ ಬರೆದರು. ವಿಜಯಪುರದ ಕಟ್ಟಡಗಳನ್ನು ಕುರಿತ ಗ್ರಂಥದಲ್ಲಿಯೂ ಅವರ ಬರಹವಿದೆ. ಕಥೆಯ ದೃಷ್ಟಿಯಿಂದ ಈ ಕಾದಂಬರಿಗಳಲ್ಲಿ ಕೆಲವು ಈಗ ಓದಲು ನಿಧಾನ. ಠಗ್ಗನ ಕಥೆ ಮಾತ್ರ ಇಂದಿಗೂ ಓಡುತ್ತದೆ.

1871ರಲ್ಲಿ ಮುಂಬಯಿಯ ರೈಲು ಮದರಾಸಿನ ರೈಲನ್ನು ರಾಯಚೂರಿನಲ್ಲಿ ಕೂಡಿತು. ನಮ್ಮ ಕೃಷ್ಣಾ ನಿಲ್ದಾಣದ ಸೇತುವೆ ಆ ದಾರಿಯದೇ. ಆಮೇಲೆ ಆಂಗ್ಲರ ಪ್ರಭಾವಕ್ಕೆ ಒಬ್ಬ ಟೇಲರ್ ಬೇಕಾಗಲಿಲ್ಲ. ಗಡಿಯಾರ, ಟಿಕೀಟು, ಮಾರುಕಟ್ಟೆಯ ದರಗಳು ತಾವಾಗಿಯೇ ಬಂದವು. 1956ರಲ್ಲಿ ಗದ್ವಾಲ, ಆಲಂಪುರ, ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದಾಗ ಇಲ್ಲಿಯ ಕನ್ನಡದ ಮನೆಗಳು ಗಡಿಯ ಈಚೆ ಉಳಿದವು. ಈಗ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಆಡುತ್ತಾ, ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ಇಂಗ್ಲಿಷ್ ಬೇಡವೆನ್ನುವಷ್ಟು ಹಟ ನನಗಿಲ್ಲ; ನನ್ನ ಮೊಮ್ಮಕ್ಕಳೂ ಅದೇ ಬಸ್ಸಿನವರು. ಹದಿನ್ನೈದರ ಟೇಲರ್ ಇಲ್ಲಿಯ ಮೂರು ಭಾಷೆಗಳನ್ನು ಕಲಿತದ್ದು ತಮ್ಮದನ್ನು ಮರೆತಲ್ಲ ಎಂಬುದನ್ನು ಮಾತ್ರ ಆ ಮಕ್ಕಳ ತಂದೆತಾಯಂದಿರ ಗಮನಕ್ಕೆ ತರುತ್ತೇನೆ. ನಮ್ಮ ಶಾಲೆಯ ಕನ್ನಡ ತರಗತಿಗಳಲ್ಲಿ ಖಾಲಿ ಬೆಂಚುಗಳನ್ನು ಕಂಡವರಿಗೆ ಈ ಮಾತಿನ ಭಾರ ತಿಳಿದೀತು.

1875ರಲ್ಲಿ ಸಾಲಾರ್‌ಜಂಗರ ಆಹ್ವಾನದ ಮೇಲೆ ಟೇಲರ್ ಅವರು ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಆ ವೇಳೆಗೆ ಕಣ್ಣು ಕಾಣದಾಗಿತ್ತು; ತಾವು ಚಿತ್ರಿಸಿದ್ದ ನಾಡನ್ನು ನೋಡುವ ಭಾಗ್ಯವಿರಲಿಲ್ಲ. ಇಲ್ಲಿ ಜ್ವರ ಹಿಡಿದು, ಮರಳುವ ದಾರಿಯಲ್ಲಿ, ಫ್ರಾನ್ಸಿನ ಮೆಂಟೋನ್ ಎಂಬ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡರು. ಮಗಳು ಸಿದ್ಧಪಡಿಸಿದ ಅವರ ಆತ್ಮಚರಿತ್ರೆ ಮರುವರ್ಷ ಪ್ರಕಟವಾಯಿತು. ಅದರ ಅನೇಕ ಪುಟಗಳು ಸುರಪುರದವು. ಬೋನಾಳದ ಕೆರೆ ಈಗ ಪಕ್ಷಿಧಾಮ. ಸುವರ್ಣ ಮಹೋತ್ಸವದ ನಿಮಿತ್ತ ಆ ಆತ್ಮಚರಿತ್ರೆಯ ಒಂದು ಪ್ರತಿಯನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಇತಿಹಾಸದ ಕಪಾಟಿನ ಎರಡನೆಯ ಸಾಲಿನಲ್ಲಿದೆ.